ತೋಟ ಒಂದು, ಕಚೇರಿ ಐದು: ಸಂಶೋಧನಾ ಕೇಂದ್ರದ ಸುತ್ತ ಬಳಗ ಕಟ್ಟುವುದು ಯಾಕೆ ಕಷ್ಟ

ಕಾಫಿ ಗಿಡದ ಮೇಲೆ ಎಷ್ಟು ನೆರಳು ಇರಬೇಕು? ಚಿಕ್ಕಮಗಳೂರಿನ ಅರೇಬಿಕಾ ಬೆಳೆಗಾರರು ಈ ಒಂದು ಪ್ರಶ್ನೆ ಹಿಡಿದುಕೊಂಡು ಹೊರಟರೆ ಅಷ್ಟು ಸುಲಭಕ್ಕೆ ಮನೆಗೆ ವಾಪಸ್ ಬರುವುದಿಲ್ಲ. ಕೀಟದ ತಜ್ಞರನ್ನು ಕೇಳಿದರೆ ನೆರಳು ಉಳಿಸಿಕೊಳ್ಳಿ ಅನ್ನುತ್ತಾರೆ, ಯಾಕಂದ್ರೆ ಬಿಸಿಲು ಬೀಳುವ ಕಾಂಡವೇ ಬಿಳಿ ಕಾಂಡಕೊರಕ ಅನ್ನುವ ದುಂಬಿಗೆ ಬೇಕಾಗಿರುವುದು, ತೊಗಟೆಯ ಬಿರುಕಿನಲ್ಲಿ ಅದು ಮೊಟ್ಟೆ ಇಟ್ಟು ಹೋಗುತ್ತದೆ. ರೋಗದ ತಜ್ಞರನ್ನು ಕೇಳಿದರೆ ಮಳೆಗಾಲಕ್ಕೆ ಮೊದಲೇ ಮರಗಸಿ ಮಾಡಿಸಿ, ಅಂದರೆ ನೆರಳುಮರದ ಕೊಂಬೆ ಸವರಿಸಿ, ಗಾಳಿ ಬೆಳಕು ಆಡಲಿ, ಇಲ್ಲದಿದ್ದರೆ ಕೊಳೆರೋಗ ಬರುತ್ತದೆ ಅನ್ನುತ್ತಾರೆ. ಕಾಳುಮೆಣಸಿನವರಿಗೆ ಅದೇ ಮರ ನೆರಳಲ್ಲ, ಬಳ್ಳಿ ಹಬ್ಬಿಸುವ ಆಸರೆ. ಅದು ಕಾಡುಮರವಾಗಿದ್ದು ಕಡಿಯಲೇಬೇಕು ಅಂದರೆ ಅರಣ್ಯ ಇಲಾಖೆಯ ಅನುಮತಿ ಬೇರೆ.

ಎಲ್ಲರೂ ಹೇಳಿದ್ದು ಸರಿಯೇ. ತೊಂದರೆ ಇರುವುದೇ ಅಲ್ಲಿ. ನಾಲ್ಕು ಸರಿ ಉತ್ತರ ಸೇರಿಸಿ ಒಂದು ತೋಟಕ್ಕೆ ಆಗುವಂಥ ಒಂದೇ ಉತ್ತರ ಮಾಡುವ ಕೆಲಸ ಯಾರ ಮೇಜಿನ ಮೇಲೂ ಇಲ್ಲ. ಅದು ಬಂದು ಬೀಳುವುದು ಬೆಳೆಗಾರರ ತಲೆ ಮೇಲೆ.

ಇದಕ್ಕೆ ವಿಜ್ಞಾನಿಗಳನ್ನು ಬೈಯುವುದು ಸುಲಭ, ಆದರೆ ನ್ಯಾಯ ಅಲ್ಲ. ವ್ಯವಸ್ಥೆ ಹೇಗಿದೆ ಅಂತ ನೋಡಿ. ಕಾಫಿ ಮಂಡಳಿ ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗೆ ಬರುತ್ತದೆ. ಏಲಕ್ಕಿ ನೋಡಿಕೊಳ್ಳುವ ಸಂಬಾರ ಮಂಡಳಿಯೂ ಅಲ್ಲೇ, ಆದರೆ ಅದು ಬೇರೆ ಮಂಡಳಿ. ಮೆಣಸಿನ ಸಂಶೋಧನೆಗೆ ಕೋಳಿಕ್ಕೋಡಿನ ಸಂಬಾರ ಬೆಳೆಗಳ ಸಂಸ್ಥೆ, ಅಡಿಕೆಗೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ. ಇವೆರಡು ಕೃಷಿ ಸಚಿವಾಲಯದ ಕಡೆಯವು. ಮೂಡಿಗೆರೆಯ ತೋಟಗಾರಿಕೆ ಕಾಲೇಜು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ್ದು, ಅಂದರೆ ರಾಜ್ಯ ಸರ್ಕಾರದ್ದು. ಈಗ ಮೂಡಿಗೆರೆ ಕಡೆಯ ಯಾವುದಾದರೂ ತೋಟಕ್ಕೆ ಹೋಗಿ ನಿಂತುಕೊಳ್ಳಿ. ಕಾಫಿ, ಅದರ ಮೇಲೆ ಸಿಲ್ವರ್ ಓಕ್, ಓಕ್ ಮೇಲೆ ಮೆಣಸು, ತಗ್ಗಿನಲ್ಲಿ ಅಡಿಕೆ, ತಂಪಿರುವ ಕಡೆ ಒಂದಿಷ್ಟು ಏಲಕ್ಕಿ. ಇದೆಲ್ಲ ಇರುವುದು ಒಂದೇ ಮಣ್ಣಿನಲ್ಲಿ. ಗೊಬ್ಬರವೂ ಒಂದೇ, ಆಳುಗಳೂ ಅವರೇ.

ಹಾಗಾಗಿ ‘ಎಲ್ಲರೂ ಸೇರಿ ಕೆಲಸ ಮಾಡೋಣ’ ಅನ್ನುವ ಮಾತನ್ನು ಪ್ರತಿ ವಿಚಾರ ಸಂಕಿರಣದಲ್ಲೂ ಕೇಳುತ್ತೇವೆ. ಶಾಲು, ಹಾರ, ಫೋಟೋ ಎಲ್ಲ ಆಗುತ್ತದೆ. ಆಮೇಲೆ ಊಟ. ಮರುದಿನ ಎಲ್ಲರೂ ಅವರವರ ಕಚೇರಿಯಲ್ಲಿ ಇರುತ್ತಾರೆ. ನನ್ನ ಪ್ರಕಾರ ಇದಕ್ಕೆ ಕಾರಣ ಮನಸ್ಸಿಲ್ಲದಿರುವುದಲ್ಲ. ಒಂದು ಸಂಶೋಧನಾ ಕೇಂದ್ರದ ಸುತ್ತ ಬಳಗ ಬೆಳೆಯುತ್ತದೋ ಇಲ್ಲವೋ ಅನ್ನುವುದು ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಕೊಟ್ಟವರಿಗೆ ವಾಪಸ್ ಏನು ಬಂತು? ಗಿಡ, ಮಾದರಿ, ಮಾಹಿತಿ, ಸಮಯ, ಹೀಗೆ ಏನೋ ಒಂದನ್ನು ಕೊಟ್ಟವರಿಗೆ ಏನಾದರೂ ವಾಪಸ್ ಬಂದರೆ ಮುಂದಿನ ಸಲವೂ ಕೊಡುತ್ತಾರೆ, ಬರದಿದ್ದರೆ ನಗುತ್ತಾ ಕಾಫಿ ಕೊಟ್ಟು ಕಳಿಸುತ್ತಾರೆ.

ಇದು ನಮ್ಮ ಜಿಲ್ಲೆಗೆ ಹೊಸ ಪಾಠವೇನಲ್ಲ. ಬಾಳೆಹೊನ್ನೂರು ಹತ್ತಿರದ ಸೀಗೋಡಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೆ 2025ಕ್ಕೆ ನೂರು ತುಂಬಿತು. 1925ರಲ್ಲಿ ಅದು ಮೈಸೂರು ಸಂಸ್ಥಾನದ ಕಾಫಿ ಪ್ರಯೋಗ ಕೇಂದ್ರವಾಗಿ ಶುರುವಾಯಿತು. ಅದರ ಹಿಂದೆ ನಿಂತಿದ್ದವರು ಸಂಸ್ಥಾನದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್‌ಮನ್, ಕೆನಡಾದವರು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದವರೂ ಅವರೇ. ಇವತ್ತಿಗೂ ಮಳೆಗಾಲದಲ್ಲಿ ‘ಔಷಧಿ ಹೊಡೆಸಿದ್ರಾ?’ ಅಂತ ಕೊಪ್ಪ, ಶೃಂಗೇರಿ ಕಡೆ ಕೇಳಿದರೆ ಅದು ಹೆಚ್ಚಾಗಿ ಬೋರ್ಡೋ ಬಗ್ಗೆಯೇ. ನೂರಕ್ಕೂ ಹೆಚ್ಚು ವರ್ಷ ಒಂದು ಶಿಫಾರಸು ಉಳಿದುಕೊಂಡಿದೆ ಅಂದರೆ ಅದು ಫಲ ಕೊಟ್ಟಿದ್ದಕ್ಕೆ, ಕರಪತ್ರ ಹಂಚಿದ್ದಕ್ಕಲ್ಲ.

ಕಾಫಿಯ ಕಥೆ ಇನ್ನೂ ಚೆನ್ನಾಗಿದೆ. ಎಲೆ ತುಕ್ಕು ರೋಗ ತೋಟಗಳನ್ನು ತಿಂದುಹಾಕುತ್ತಿದ್ದ ಕಾಲದಲ್ಲಿ, 1911ರ ಸುಮಾರಿಗೆ, ಕೆಂಟ್ ಅನ್ನುವ ಪ್ಲಾಂಟರ್ ಈ ಸೀಮೆಯ ತನ್ನ ತೋಟದಲ್ಲಿ ರೋಗಕ್ಕೆ ಅಷ್ಟಾಗಿ ಬಗ್ಗದ ಗಿಡಗಳನ್ನು ಗುರುತಿಸಿ ಬೀಜ ಮಾಡಿದರು. ಅದೇ ಕೆಂಟ್ಸ್ ತಳಿ. ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ, ದಿನಾ ತೋಟ ಸುತ್ತುವ ಮನುಷ್ಯನ ಕಣ್ಣಿಗೆ ಬಿದ್ದಿದ್ದು. ಮುಂದೆ ಆ ಕೆಂಟ್ಸ್‌ಗೂ ತುಕ್ಕು ಹಿಡಿಯಿತು. ಯಾಕೆ ಅನ್ನುವುದಕ್ಕೆ ಉತ್ತರ ಕೊಟ್ಟಿದ್ದು ಬಾಳೆಹೊನ್ನೂರಿನಲ್ಲಿ ಕೆಲಸ ಮಾಡುತ್ತಿದ್ದ ವಿಲ್ಸನ್ ಮೇಯ್ನ್. ತುಕ್ಕು ರೋಗದ ಶಿಲೀಂಧ್ರ ಒಂದೇ ಬಗೆಯದಲ್ಲ, ಅದರಲ್ಲೇ ಬೇರೆ ಬೇರೆ ವಂಶಗಳಿವೆ, ಒಂದಕ್ಕೆ ಬಗ್ಗದ ಗಿಡ ಇನ್ನೊಂದಕ್ಕೆ ಬಗ್ಗಬಹುದು ಅಂತ ಅವರು 1930ರ ದಶಕದಲ್ಲಿ ತೋರಿಸಿದರು. ಆಮೇಲೆ ಎಸ್‌.288 ಅನ್ನುವ ತಳಿಗೆ ಕೆಂಟ್ಸ್ ಕೂಡಿಸಿ ಮಾಡಿದ ಎಸ್‌.795 ಬಂತು, 1940ರ ದಶಕದ ಮಧ್ಯದಲ್ಲಿ ಅದು ಬೆಳೆಗಾರರ ಕೈ ಸೇರಿತು. ಇವತ್ತಿಗೂ ನಮ್ಮ ಅರೇಬಿಕಾ ತೋಟಗಳಲ್ಲಿ ಜಾಸ್ತಿ ಕಾಣುವ ತಳಿಗಳಲ್ಲಿ ಅದೂ ಒಂದು. ತೋಟದಿಂದ ಗಿಡ ಹೋಯಿತು, ಕೇಂದ್ರದಿಂದ ಉತ್ತಮ ಗಿಡ ವಾಪಸ್ ಬಂತು.

ಮೇಯ್ನ್ ಬಿಟ್ಟ ಎಳೆಯನ್ನು ಮುಂದೆ ಹಿಡಿದಿದ್ದು, ಆಶ್ಚರ್ಯ ಅನ್ನಿಸಬಹುದು, ಪೋರ್ಚುಗಲ್. ಲಿಸ್ಬನ್ ಹತ್ತಿರದ ಒಯಿರಾಸ್‌ನಲ್ಲಿ 1955ರಲ್ಲಿ ಕಾಫಿ ತುಕ್ಕು ರೋಗಕ್ಕೆ ಅಂತಲೇ ಒಂದು ಕೇಂದ್ರ ಶುರುವಾಯಿತು. ಪೋರ್ಚುಗಲ್‌ನಲ್ಲಿ ಕಾಫಿ ಬೆಳೆಯುವುದಿಲ್ಲ ಅಲ್ವಾ, ಅದೇ ಅನುಕೂಲ. ಬೇರೆ ಬೇರೆ ದೇಶದ ರೋಗದ ಮಾದರಿ ಅಲ್ಲಿಗೆ ತಂದು ಇಟ್ಟರೂ ಪಕ್ಕದ ತೋಟಕ್ಕೆ ಹರಡುವ ಭಯ ಇಲ್ಲ, ಯಾಕಂದ್ರೆ ಪಕ್ಕದಲ್ಲಿ ತೋಟವೇ ಇಲ್ಲ. ಕಾಫಿ ಬೆಳೆಯುವ ದೇಶಗಳು ಮಾರುಕಟ್ಟೆಯಲ್ಲಿ ಒಂದಕ್ಕೊಂದು ಎದುರಾಳಿಗಳು. ಹಾಗಿದ್ದೂ ತುಕ್ಕು ಹಿಡಿದ ಎಲೆಗಳನ್ನು ಅಲ್ಲಿಗೆ ಕಳಿಸಿದವು. ಅಲ್ಲಿಂದ ‘ನಿಮ್ಮಲ್ಲಿರುವುದು ಇಂಥ ವಂಶದ ತುಕ್ಕು’ ಅಂತ ಉತ್ತರ ಬಂತು, ಜೊತೆಗೆ ರೋಗಕ್ಕೆ ಬಗ್ಗದ ಬೀಜವೂ ಬಂತು. ಅಲ್ಲಿಯವರೆಗೆ ಕೆಲವೇ ವಂಶ ಅಂತ ಗೊತ್ತಿದ್ದಿದ್ದು ಈಗ 50 ದಾಟಿದೆ. ಟಿಮೋರ್ ದ್ವೀಪದಲ್ಲಿ ಅರೇಬಿಕಾ ಮತ್ತು ರೋಬಸ್ಟಾ ತಾವಾಗಿಯೇ ಕೂಡಿ ಹುಟ್ಟಿದ ಗಿಡವೊಂದಿತ್ತು. ಅದನ್ನು ವಿಲ್ಲಾ ಸಾರ್ಚಿ ತಳಿಯ ಜೊತೆ ಕೂಡಿಸಿದ ಸಾಲಿನಿಂದಲೇ ನಮ್ಮ ಚಂದ್ರಗಿರಿ ಬಂದಿದ್ದು, 2007ರಲ್ಲಿ ಅದನ್ನು ಬಿಡುಗಡೆ ಮಾಡಿದರು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಒಯಿರಾಸ್ ಕೇಂದ್ರ ಯಾರ ಎದುರಾಳಿಯೂ ಆಗಿರಲಿಲ್ಲ. ಅದಕ್ಕೆ ಮಾರಲು ಕಾಫಿ ಇರಲಿಲ್ಲ. ನಮ್ಮಲ್ಲಿ ಎರಡು ಸಂಸ್ಥೆ ಕೂಡಿ ಕೆಲಸ ಮಾಡಬೇಕು ಅಂದಾಗ ಮೊದಲು ಏಳುವ ಪ್ರಶ್ನೆ ಯೋಜನೆಯ ಹಣ ಯಾರ ಖಾತೆಗೆ, ವರದಿಯ ಮೇಲೆ ಯಾರ ಹೆಸರು ಮೊದಲು ಅನ್ನುವುದು. ಇದರಲ್ಲಿ ಸಣ್ಣತನ ಏನೂ ಇಲ್ಲ. ಯುವ ವಿಜ್ಞಾನಿಯ ಬಡ್ತಿ ನಿಂತಿರುವುದೇ ಪ್ರಬಂಧಗಳ ಲೆಕ್ಕದ ಮೇಲೆ ಅಂದಮೇಲೆ ಅವರು ಇನ್ನೇನು ಯೋಚಿಸಬೇಕು ಹೇಳಿ.

ಹೆಸರಿನ ವಿಚಾರಕ್ಕೆ ಜಿನೀವಾ ಹತ್ತಿರದ ಕಣ ಭೌತಶಾಸ್ತ್ರದ ಕೇಂದ್ರ ಸರ್ನ್ ಕಡೆ ಒಮ್ಮೆ ನೋಡಬಹುದು. 1954ರಲ್ಲಿ 12 ದೇಶ ಸೇರಿ ಕಟ್ಟಿದ ಕೇಂದ್ರ ಅದು, 2017ರಿಂದ ಭಾರತವೂ ಅದರ ಸಹ-ಸದಸ್ಯ ದೇಶ, ಅಂದರೆ ಅಸೋಸಿಯೇಟ್ ಮೆಂಬರ್. ಹಿಗ್ಸ್ ಕಣದ ದ್ರವ್ಯರಾಶಿ ಬಗ್ಗೆ 2015ರಲ್ಲಿ ಅಲ್ಲಿನ ಎರಡು ತಂಡ ಸೇರಿ ಬರೆದ ಪ್ರಬಂಧಕ್ಕೆ ಲೇಖಕರು 5154 ಜನ. 33 ಪುಟದಲ್ಲಿ ವಿಷಯ ಇದ್ದಿದ್ದು 9 ಪುಟ, ಉಳಿದಿದ್ದೆಲ್ಲ ಹೆಸರು ಮತ್ತು ಸಂಸ್ಥೆಗಳು. ಕೇಳಿದರೆ ನಗು ಬರುತ್ತದೆ. ಆದರೆ ಯಂತ್ರದ ಒಂದು ಭಾಗ ನೋಡಿಕೊಂಡವರಿಗೂ ಲೆಕ್ಕ ಹಾಕಿದವರಿಗೂ ಅಲ್ಲಿ ಜಾಗ ಸಿಕ್ಕಿತು ಅನ್ನುವುದು ಸಣ್ಣ ಮಾತಲ್ಲ. ವರ್ಲ್ಡ್ ವೈಡ್ ವೆಬ್ ಕೂಡ 1989ರಲ್ಲಿ ಅಲ್ಲೇ ಹುಟ್ಟಿತು. ಬೇರೆ ಬೇರೆ ಊರಿನ ವಿಜ್ಞಾನಿಗಳು ಮಾಹಿತಿ ಹಂಚಿಕೊಳ್ಳಲು ಪಡುತ್ತಿದ್ದ ಪಾಡು ನೋಡಿ ಟಿಮ್ ಬರ್ನರ್ಸ್-ಲೀ ಮಾಡಿದ ಏರ್ಪಾಡು ಅದು.

ಅಷ್ಟು ದೂರ ಯಾಕೆ, ಹಾಸನದಲ್ಲೇ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ, 1982ರಿಂದ. ಭೂಸ್ಥಿರ ಕಕ್ಷೆಯ ಉಪಗ್ರಹ ಸಿದ್ಧವಾಗುವುದು ಬೆಂಗಳೂರಿನಲ್ಲಿ, ಹಾರುವುದು ಶ್ರೀಹರಿಕೋಟಾದಿಂದಲೋ ಹೊರದೇಶದಿಂದಲೋ. ಆಮೇಲೆ ಅದನ್ನು ಸರಿಯಾದ ಕಕ್ಷೆಗೆ ಏರಿಸಿ ವರ್ಷಗಟ್ಟಲೆ ನೋಡಿಕೊಳ್ಳುವುದು ಹಾಸನದವರು. ಅಲ್ಲಿ ‘ಅದು ನಮ್ಮ ವಿಭಾಗ ಅಲ್ಲ’ ಅಂತ ಯಾರೂ ಹೇಳುವ ಹಾಗಿಲ್ಲ, ಎಲ್ಲರ ಕಣ್ಣೂ ಒಂದೇ ಉಪಗ್ರಹದ ಮೇಲೆ. ನಮ್ಮ ಬೆಳೆ ಸಂಶೋಧನೆಯಲ್ಲಿ ಆ ಜಾಗಕ್ಕೆ ಬರಬೇಕಾಗಿದ್ದು ತೋಟ. ಬಂದಿರುವುದು ಬೆಳೆ. ಬೆಳೆಗೊಂದು ಸಂಸ್ಥೆ ಅಂತ ಹಂಚಿಕೊಂಡಾಗಲೇ ತೋಟ ಕೈಬಿಟ್ಟು ಹೋಯಿತು.

ಈಗ ಮಾಹಿತಿಯ ವಿಷಯಕ್ಕೆ ಬರೋಣ. ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಇಲ್ಲೇ. ಮಲೆನಾಡಿನ ತೋಟಗಳಲ್ಲಿ ಮಳೆ ಅಳೆಯುವುದು ಒಂದು ಚಟ. ‘ನಿಮ್ಮಲ್ಲಿ ಎಷ್ಟಾಯ್ತು?’ ‘ಒಂದಿಂಚು ಇಪ್ಪತ್ತು ಸೆಂಟ್ಸ್.’ ಮಾರ್ಚ್, ಏಪ್ರಿಲ್‌ನಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಮಾತು ಶುರುವಾಗುವುದೇ ಹೀಗೆ (ಒಂದು ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ). ಕಾಫಿ ಹೂ ಅರಳಿಸುವ ಹೂಮಳೆ ಬಂತಾ, ಅದಾದ ಮೇಲೆ ಕಾಯಿ ಕಚ್ಚಿಸುವ ಬ್ಯಾಕಿಂಗ್ ಮಳೆ ಸರಿಯಾದ ಹೊತ್ತಿಗೆ ಬಂತಾ ಅನ್ನುವುದರ ಮೇಲೆ ಇಡೀ ವರ್ಷದ ಫಸಲು ನಿಂತಿರುತ್ತದೆ. ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದಿಂದ ಬರೆದಿಟ್ಟ ಮಳೆ ಪುಸ್ತಕ ಇದೆ. ಒಂದು ಗುಡ್ಡದ ಈ ಕಡೆಗೂ ಆ ಕಡೆಗೂ ಮಳೆ ಬೇರೆ ಆಗುವ ಜಿಲ್ಲೆ ಇದು. ಶೃಂಗೇರಿಯಲ್ಲಿ ಕೊಡೆ ಮಡಚುವ ಹಾಗಿಲ್ಲ, ಅದೇ ಹೊತ್ತಿಗೆ ಕಡೂರಿನಲ್ಲಿ ಆಕಾಶ ನೋಡುತ್ತಿರುತ್ತಾರೆ. ರಾಜ್ಯದ ವಿಪತ್ತು ನಿರ್ವಹಣೆಯವರು ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಹಾಕಿದ್ದಾರೆ, ಒಳ್ಳೆಯದೇ. ಆದರೆ ಅದರಲ್ಲಿ ಇರುವುದು ಇತ್ತೀಚಿನ ವರ್ಷಗಳ ಲೆಕ್ಕ. ಹೂಮಳೆ ನಿಜವಾಗಿ ಹಿಂದೆ ಮುಂದೆ ಸರಿದಿದೆಯಾ, ಎಷ್ಟು ಸರಿದಿದೆ, ಯಾವ ಹೋಬಳಿಯಲ್ಲಿ ಜಾಸ್ತಿ ಅನ್ನುವುದಕ್ಕೆ ಉತ್ತರ ಬೇಕಾದರೆ ಆ ಹಳೇ ಪುಸ್ತಕಗಳನ್ನೇ ತೆರೆಯಬೇಕು.

ಬೆಳೆಗಾರರು ಕೊಡುತ್ತಾರಾ? ಮಳೆ ಲೆಕ್ಕವನ್ನು ಕೊಡುತ್ತಾರೆ ಅಂತ ನನ್ನ ಅಂದಾಜು, ಯಾಕಂದ್ರೆ ಅದರಲ್ಲಿ ಬಚ್ಚಿಡುವಂಥದ್ದು ಏನಿಲ್ಲ, ಸ್ವಲ್ಪ ಹೆಮ್ಮೆಯೂ ಇದೆ. ಫಸಲಿನ ಲೆಕ್ಕ ಕೇಳಿದರೆ ಮುಖ ಬೇರೆ ಆಗುತ್ತದೆ. ಅಂದಾಜು ಫಸಲು ಜಾಸ್ತಿ ಅಂತ ಹೊರಗೆ ಬಿದ್ದರೆ ರೇಟು ಬೀಳುತ್ತದೆ ಅನ್ನುವ ಅನುಮಾನ ಹಳೆಯದು. ತೋಟದ ನಕ್ಷೆ ಕೇಳಿದರಂತೂ ಮಾತೇ ನಿಲ್ಲುತ್ತದೆ. ಅರಣ್ಯ ನಾಶ ಮಾಡಿ ಬೆಳೆದ ಸರಕು ಬೇಡ ಅನ್ನುವ ಯುರೋಪ್ ಒಕ್ಕೂಟದ 2023ರ ಕಾನೂನಿಗೆ ಪ್ರತಿ ತೋಟ ಎಲ್ಲಿದೆ ಅನ್ನುವ ಗುರುತು ಬೇಕು. ಜಾರಿ ದಿನಾಂಕ ಮುಂದಕ್ಕೆ ಹೋಗಿದೆ, ಬೇಡಿಕೆ ಹೋಗಿಲ್ಲ. ಇತ್ತ ಮಲೆನಾಡಿನಲ್ಲಿ ಒತ್ತುವರಿ, ಸೊಪ್ಪಿನಬೆಟ್ಟ, ಡೀಮ್ಡ್ ಫಾರೆಸ್ಟ್ ಅಂತ ಯಾವ ಜಾಗ ಕಾಡಿನದು, ಯಾವುದು ತೋಟದ್ದು ಅನ್ನುವ ಜಗಳಗಳು ಮುಗಿದಿಲ್ಲ. ಹೀಗಿರುವಾಗ ‘ಸುಮ್ನೆ ಒಂದು ಸರ್ವೆ ಸಾರ್, ಸಂಶೋಧನೆಗೆ’ ಅಂತ ಯಾರಾದರೂ ಮೊಬೈಲ್ ಹಿಡಿದು ಬಂದರೆ ಅನುಮಾನ ಬರದೆ ಇರುತ್ತದಾ? ಸಂಶೋಧನೆಗೆ ಕೊಟ್ಟ ಮಾಹಿತಿ ಸಂಶೋಧನೆ ಬಿಟ್ಟು ಬೇರೆ ಕಡೆ ಹೋಗುವುದಿಲ್ಲ ಅಂತ ಬರೆದುಕೊಡುವವರು ಇಲ್ಲದೆ ಈ ಗೋಡೆ ಬೀಳುವುದಿಲ್ಲ.

ಇನ್ನೊಂದು ಗುಂಪಿದೆ, ಅವರನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಾಂಡಕೊರಕ ಹಿಡಿದ ಗಿಡವನ್ನು ಮೊದಲು ನೋಡುವುದು ವಿಜ್ಞಾನಿಯೂ ಅಲ್ಲ, ಮಾಲೀಕರೂ ಅಲ್ಲ. ಕಾಂಡದ ಮೇಲೆ ಏಣು ಎದ್ದಿರುವುದನ್ನು, ಎಲೆ ಸ್ವಲ್ಪ ಹಳದಿಗೆ ತಿರುಗಿರುವುದನ್ನು ನೋಡಿ ‘ಇದಕ್ಕೆ ಬೋರರ್ ಹಿಡಿದಿದೆ’ ಅಂತ ಹೇಳುವುದು ಟ್ರೇಸಿಂಗ್ ಮಾಡುವ, ಅಂದರೆ ಕೀಟ ಹಿಡಿದ ಗಿಡ ಹುಡುಕುವ ಆಳುಗಳು. ಅವರ ಜೊತೆಗಿರುವ ಮೇಸ್ತ್ರಿ ಮತ್ತು ತೋಟದ ಲೆಕ್ಕ ಬರೆಯುವ ರೈಟರ್‌ಗೆ ಯಾವ ಪಟ್ಟೆಯಲ್ಲಿ ಪ್ರತಿ ವರ್ಷ ಜಾಸ್ತಿ ಗಿಡ ಹೋಗುತ್ತದೆ ಅನ್ನುವುದು ಬಾಯಿಪಾಠ. ತರಬೇತಿ ಶಿಬಿರಕ್ಕೆ ಮಾತ್ರ ಬರುವವರು ಮಾಲೀಕರು. ಈಗ ಕೆಲಸಕ್ಕೆ ಬರುವವರಲ್ಲಿ ಅಸ್ಸಾಂ ಕಡೆಯವರೂ ಇದ್ದಾರೆ, ಕನ್ನಡದ ಕರಪತ್ರ ಅವರಿಗೆ ಏನು ಉಪಯೋಗ ಅಂತ ಯಾರಾದರೂ ಯೋಚಿಸಿದ್ದಾರಾ ಗೊತ್ತಿಲ್ಲ.

ಕೂಡಿ ಮಾಡಿದ ಕೆಲಸ ಹೇಗಿರಬಹುದು ಅನ್ನುವುದಕ್ಕೆ ಹಾಸನದ ಆಲೂಗಡ್ಡೆ ನೋಡಬೇಕು. ಇಲ್ಲಿನ ರೈತರು ಮಳೆ ನಂಬಿ ಆಲೂಗಡ್ಡೆ ಹಾಕುವವರು. ಬಿತ್ತನೆ ಗಡ್ಡೆ ಬರುವುದು ದೂರದ ಜಲಂಧರ್‌ನಿಂದ, ಮೇ ತಿಂಗಳಲ್ಲಿ ಎಪಿಎಂಸಿ ಮುಂದೆ ಲಾರಿಗಳು ನಿಂತಿರುತ್ತವೆ. ಗಡ್ಡೆ ಚೆನ್ನಾಗಿದೆಯೋ ಇಲ್ಲವೋ ಅಂತ ಗೊತ್ತಾಗುವಷ್ಟರಲ್ಲಿ ದುಡ್ಡು ಕೊಟ್ಟಾಗಿರುತ್ತದೆ. ಆಮೇಲೆ ಅಂಗಮಾರಿ ಬಂದರೆ ಮುಗಿಯಿತು. ಹೀಗೆ ಕೈ ಸುಟ್ಟುಕೊಂಡು ಎಷ್ಟೋ ಜನ ಆಲೂಗಡ್ಡೆ ಬಿಟ್ಟು ಮೆಕ್ಕೆಜೋಳಕ್ಕೆ ಹೋದರು. ಇದಕ್ಕೆ ಪೆರು ದೇಶದ ಲಿಮಾದಲ್ಲಿ ಮುಖ್ಯ ಕಚೇರಿ ಇರುವ ಅಂತಾರಾಷ್ಟ್ರೀಯ ಆಲೂಗಡ್ಡೆ ಕೇಂದ್ರ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಅದರ ಹಾಸನದ ಕೇಂದ್ರ ಸೇರಿ ಬೇರೆ ದಾರಿ ಹಿಡಿದವು. ಅಂಗಾಂಶ ಕೃಷಿಯಲ್ಲಿ ಬೆಳೆಸಿದ ತಾಯಿಗಿಡದ ಕುಡಿ ಕತ್ತರಿಸಿ ಬೇರು ಬರಿಸುವುದು, ಆ ಸಸಿಯನ್ನು ನರ್ಸರಿಯಲ್ಲಿ ಬೆಳೆಸಿ ರೈತರಿಗೆ ಮಾರುವುದು, ರೈತರು ಅದರಿಂದ ಬಿತ್ತನೆ ಗಡ್ಡೆಯನ್ನು ಇಲ್ಲೇ ಬೆಳೆದುಕೊಳ್ಳುವುದು.

ಎಲ್ಲ ಸಮಸ್ಯೆ ಮುಗಿಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಈ ಏರ್ಪಾಡಿನ ಜಾಣತನ ನೋಡಿ. ಪ್ರಯೋಗಾಲಯಕ್ಕೆ ತನ್ನ ಗಿಡ ಹೊಲದಲ್ಲಿ ಹೇಗೆ ಬಂತು ಅಂತ ತಿಳಿಯುತ್ತದೆ. ನರ್ಸರಿಯವರಿಗೆ ಸಸಿಯ ದುಡ್ಡು ಬರುತ್ತದೆ. ಬಿತ್ತನೆ ಬೆಳೆದವರಿಗೆ ಊರಿನಲ್ಲೇ ಗಿರಾಕಿ. ಪ್ರತಿಯೊಬ್ಬರಿಗೂ ಮುಂದಿನವರ ಜೊತೆ ಮಾತಾಡಲು ಒಂದು ಕಾರಣ ಇದೆ, ಅದಕ್ಕೆ ಯಾರೂ ಭಾಷಣ ಮಾಡಬೇಕಾಗಿಲ್ಲ.

ಕಾಫಿ ಸೀಮೆಯಲ್ಲಿ ಇಂಥ ಸರಪಳಿ ಕಟ್ಟಲು ಇರುವ ತೊಡಕು ಸಂಖ್ಯೆಯದು. ಕೋಲ್‌ಮನ್ ಕಾಲದಲ್ಲಿ ಪ್ಲಾಂಟರುಗಳು ಕಡಿಮೆ, ಕ್ಲಬ್ಬಿನಲ್ಲಿ ಸಂಜೆ ಸಿಗುತ್ತಿದ್ದರು, ವಿಷಯ ಹಾಗೇ ಹರಡುತ್ತಿತ್ತು. ಇವತ್ತು ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಜಾಸ್ತಿ 10 ಹೆಕ್ಟೇರಿಗಿಂತ ಸಣ್ಣವು. ಎರಡು ಮೂರು ಎಕರೆಯ ಬೆಳೆಗಾರರು ಕ್ಲಬ್ಬಿಗೂ ಹೋಗುವುದಿಲ್ಲ, ವಿಚಾರ ಸಂಕಿರಣಕ್ಕೂ ಹೋಗುವುದಿಲ್ಲ. ಅವರಿಗೆ ಸಲಹೆ ಕೊಡುವುದು ಗೊಬ್ಬರದ ಅಂಗಡಿಯವರು. ಅಂಗಡಿಯವರಿಗೆ ಮಾರಬೇಕಾದ ಡಬ್ಬ ಇರುತ್ತದೆ, ಆದರೂ ಒಂದು ಮಾತು ಒಪ್ಪಬೇಕು, ಅವರು ಕೇಳಿದ ದಿನವೇ ಉತ್ತರ ಕೊಡುತ್ತಾರೆ. ಮಣ್ಣು ಪರೀಕ್ಷೆಗೆ ಕೊಟ್ಟ ಮಾದರಿಯ ಫಲಿತಾಂಶ ಮುಂಗಾರಿಗೆ ಮೊದಲು ಕೈಗೆ ಬಂದರೆ ಗೊಬ್ಬರದ ಲೆಕ್ಕಕ್ಕೆ ಬರುತ್ತದೆ, ಗೊಬ್ಬರ ಹಾಕಿ ಮುಗಿದ ಮೇಲೆ ಬಂದರೆ ಅದು ಬರೀ ಕಾಗದ. ವಾಟ್ಸಾಪ್ ಗುಂಪುಗಳ ವಿಷಯ ಬಿಡಿ. ಬೆಳಗ್ಗೆ ಯಾರೋ ರೋಗ ಹಿಡಿದ ಎಲೆಯ ಫೋಟೋ ಹಾಕುತ್ತಾರೆ, ಅದರ ಮೇಲೆ ನಲವತ್ತು ಶುಭೋದಯ ಬಂದು ಬೀಳುತ್ತವೆ.

ಹಾಗಾದರೆ ಎಲ್ಲಿಂದ ಶುರು ಮಾಡಬಹುದು? ಸಂಸ್ಥೆಗಳನ್ನು ಒಂದುಗೂಡಿಸಿ ಅನ್ನುವ ಬೇಡಿಕೆ ನನಗೆ ಹಗಲುಗನಸು ಅನ್ನಿಸುತ್ತದೆ, ಎರಡು ಸಚಿವಾಲಯ ಒಂದು ಫೈಲಿಗೆ ಸಹಿ ಹಾಕುವಷ್ಟರಲ್ಲಿ ಇನ್ನೊಂದು ತಳಿಗೆ ತುಕ್ಕು ಹಿಡಿದಿರುತ್ತದೆ. ಸಣ್ಣದಾಗಿ, ಕಾಂಡಕೊರಕದಿಂದಲೇ ಶುರು ಮಾಡುವುದು ಒಳ್ಳೆಯದು. ಯಾಕಂದ್ರೆ ಈ ಒಂದು ಕೀಟದ ವಿಷಯದಲ್ಲಿ ಒಬ್ಬೊಬ್ಬರೇ ಗೆಲ್ಲಲು ಆಗುವುದಿಲ್ಲ. ನಾನು ಹುಡುಕಿ, ಕಿತ್ತು, ಸುಟ್ಟು ಹಾಕಿದರೂ ಪಕ್ಕದ ತೋಟದ ಮಾಲೀಕರು ಬೆಂಗಳೂರಿನಲ್ಲಿದ್ದು ತೋಟ ಪಾಳು ಬಿಟ್ಟಿದ್ದರೆ ದುಂಬಿ ಅಲ್ಲಿಂದ ಹಾರಿ ಬರುತ್ತದೆ. ಅದು ಹಾರುವುದು ಏಪ್ರಿಲ್-ಮೇನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಟ್ರೇಸಿಂಗ್ ಅದಕ್ಕೆ ಮೊದಲು, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಮುಗಿಯಬೇಕು.

ಒಂದು ಹಳ್ಳಿಯ ಎಲ್ಲ ತೋಟಗಳು, ಒಂದೇ ವಾರ. ನೆರಳಿನ ಬಗ್ಗೆ ಕೀಟದವರು, ರೋಗದವರು, ಮೆಣಸಿನವರು ಮೂವರೂ ಅದೇ ತೋಟದಲ್ಲಿ ನಿಂತು ಜಗಳ ಆಡಿಯಾದರೂ ಸರಿ, ಮರ ತೋರಿಸಿ ಒಂದು ಮಾತು ಹೇಳಲಿ. ಕಿತ್ತ ಗಿಡಗಳ ಲೆಕ್ಕ ಬರೆಯುವ ರೈಟರ್, ಮೇಸ್ತ್ರಿಗಳ ಹೆಸರು ವರದಿಯಲ್ಲಿ ಇರಲಿ. ಆ ಲೆಕ್ಕ ಹಳ್ಳಿಯ ನಕ್ಷೆಯಾಗಿ, ಯಾರ ಸರ್ವೆ ನಂಬರೂ ಇಲ್ಲದೆ, ಮುಂದಿನ ಮಾರ್ಚ್ ಒಳಗೆ ಅದೇ ಹಳ್ಳಿಗೆ ವಾಪಸ್ ಬರಲಿ. ಇದಕ್ಕೆ ಬೇಕಾಗಿರುವುದು ಹೊಸ ಕಟ್ಟಡ ಅಲ್ಲ. ಬೈಕ್ ಮೇಲೆ ತೋಟ ತೋಟ ಸುತ್ತಿ, ಆಳು ಸಿಗುವ ದಿನ ಹೊಂದಿಸಿ, ಬೆಂಗಳೂರಿನ ಮಾಲೀಕರಿಗೆ ಫೋನ್ ಮಾಡಿ ಒಪ್ಪಿಸುವ ಒಬ್ಬರು ಬೇಕು. ಅವರ ಸಂಬಳವನ್ನು ಸಂಶೋಧನಾ ಕೇಂದ್ರ ಅರ್ಧ, ಬೆಳೆಗಾರರ ಸಂಘ ಅರ್ಧ ಕೊಡಬಹುದು. ಪೂರ್ತಿ ಒಬ್ಬರೇ ಕೊಟ್ಟರೆ ಆ ಮನುಷ್ಯ ಅವರ ಕಡೆಯವರೇ ಆಗಿಬಿಡುತ್ತಾರೆ. ಸೆಪ್ಟೆಂಬರ್‌ಗೆ ಕೆಲಸ ಶುರುವಾಗಬೇಕಾದರೆ ಆಗಸ್ಟ್ ಮಳೆಯಲ್ಲೇ ಮೊದಲ ಸುತ್ತು ಹೊರಡಬೇಕಾಗುತ್ತದೆ.